ತಪ್ಪಿಗೆ ಮೊದಲೇ ಬಿದ್ದ ಸಹಿ

ಆಕೆಯನ್ನು ನಾವೆಲ್ಲ ಭೂತಗನ್ನಡಿ ಎಂದೇ ಕರೆಯುತ್ತಿದ್ದೆವು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಬರೀ ‘ಮೇಡಂ’. ಬ್ಯಾಂಕಿನ ಎರಡನೇ ಮಹಡಿಯಲ್ಲಿ, ವಿದೇಶ ವ್ಯಾಪಾರದ ಕಾಗದಗಳನ್ನು ನೋಡುವ ವಿಭಾಗದಲ್ಲಿ, ಆಕೆಯ ಪಕ್ಕದ ಮೇಜು ನನ್ನದು. ಹನ್ನೊಂದು ವರ್ಷ ಹಾಗೇ ಕೂತಿದ್ದೆವು. ನಮ್ಮ ನಡುವೆ ಒಂದು ಕಬ್ಬಿಣದ ರ‍್ಯಾಕು, ಅದರ ಮೇಲೆ ಯಾವತ್ತೂ ನೀರು ಕಾಣದ ಒಂದು ಹೂಕುಂಡ. ಕುಂಡದಲ್ಲಿ ಗಿಡವಿರಲಿಲ್ಲ, ಗುಂಡುಪಿನ್ನುಗಳಿದ್ದವು.

ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ಈ ಊರಿನ ವ್ಯಾಪಾರಿ ಹಡಗಿನಲ್ಲಿ ಸರಕು ಕಳಿಸುತ್ತಾನೆ. ಆಚೆ ದಡದಲ್ಲಿ ಕೊಳ್ಳುವವನ ಬ್ಯಾಂಕು ಮೊದಲೇ ಒಂದು ಪತ್ರ ಬರೆದುಕೊಟ್ಟಿರುತ್ತದೆ. ಇಂತಿಂಥ ಕಾಗದಗಳನ್ನು, ಇಂಥ ದಿನದೊಳಗೆ, ನಾನು ಹೇಳಿದ ಹಾಗೇ ತಂದುಕೊಟ್ಟರೆ ಹಣ ನನ್ನ ಜವಾಬ್ದಾರಿ ಎಂದು. ಅದಕ್ಕೆ ಎಲ್‌ಸಿ ಎನ್ನುತ್ತಾರೆ. ಆ ಕಾಗದಗಳು ಎಲ್‌ಸಿಯ ಮಾತಿಗೆ ಸರಿಯಾಗಿವೆಯೋ ಇಲ್ಲವೋ ನೋಡುವುದು ನಮ್ಮ ಪಾಲಿನ ಕೆಲಸ. ವ್ಯಾಪಾರಿ ನೂಲು ಕಳಿಸಿದನೋ ಹುಲ್ಲು ಕಳಿಸಿದನೋ ನಮಗೆ ಬೇಡ. ಕಾಗದದ ಮೇಲೆ ಏನಿದೆಯೋ ಅಷ್ಟೇ ನಮ್ಮ ಲೋಕ.

ಮೇಡಂ ಕೈಗೆ ಬರುತ್ತಿದ್ದದ್ದು ಹೆಚ್ಚಾಗಿ ವಿಮೆಯ ಸರ್ಟಿಫಿಕೇಟುಗಳು. ಸರಕು ದಾರಿಯಲ್ಲಿ ಮುಳುಗಿದರೆ, ಸುಟ್ಟರೆ, ನೆನೆದರೆ ಭರಿಸುತ್ತೇವೆ ಎಂದು ವಿಮಾ ಕಂಪನಿ ಕೊಡುವ ಕಾಗದ. ಅದರಲ್ಲಿ ಹಡಗಿನ ಹೆಸರು ತಪ್ಪಬಾರದು. ಸರಕು ಹಡಗು ಹತ್ತಿದ ದಿನಕ್ಕಿಂತ ಒಂದು ದಿನ ತಡವಾದ ತಾರೀಕು ಇರಬಾರದು. ಏನಾದರೂ ಹೊಡೆದುಹಾಕಿ ತಿದ್ದಿದ್ದರೆ ಅದರ ಪಕ್ಕ ಕಂಪನಿಯ ಅಧಿಕಾರಿಯ ಗೀಟುಸಹಿ, ಅಂದರೆ ಇನಿಶಿಯಲ್, ಇರಬೇಕು. ಡಿಸ್ಕ್ರೆಪನ್ಸಿ ಎಂದು ನಾವು ಕರೆಯುವ ಇಂಥ ತಪ್ಪುಗಳಲ್ಲಿ ಮೇಡಂ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗುತ್ತಿರಲಿಲ್ಲ. ಮದುವೆ ಯಾಕೆ ಆಗಲಿಲ್ಲ ಮೇಡಂ ಎಂದು ಯಾರೋ ಒಮ್ಮೆ ಕೇಳಿದ್ದಕ್ಕೆ, “ಬಂದ ಗಂಡುಗಳಲ್ಲೆಲ್ಲ ಒಂದೊಂದು ಡಿಸ್ಕ್ರೆಪನ್ಸಿ ಇತ್ತು” ಎಂದಿದ್ದರು. ನಗದೇ ಹೇಳಿದ್ದರು.

ಆಕೆಗೆ ಇದ್ದವನು ಒಬ್ಬ ಅಣ್ಣ. ಅಪ್ಪ ಅಮ್ಮ ಬೇಗ ಹೋದರು. ಅಣ್ಣನೇ ಸಾಕಿದ್ದ. ಶಾಲೆಯ ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಜಾಗದಲ್ಲಿ ಅವನೇ ಸಹಿ ಹಾಕುತ್ತಿದ್ದ. ಮೀನು ಹಿಡಿಯುವ ಗಾಳದಂಥ ಒಂದು ಕೊಂಡಿ, ಅದರ ಕೆಳಗೆ ಒಂದು ಚುಕ್ಕೆ. ದೊಡ್ಡವನಾಗಿ ವಿಮಾ ಕಂಪನಿಗೆ ಸೇರಿದ ಮೇಲೂ ಅದೇ ಗಾಳ, ಅದೇ ಚುಕ್ಕೆ ಅವನ ಗೀಟುಸಹಿಯಾಯಿತು.

ಅಣ್ಣ ಸರಕು ವಿಮೆಯ ವಿಭಾಗದಲ್ಲಿ, ತಂಗಿ ಬ್ಯಾಂಕಿನಲ್ಲಿ ವಿಮೆ ಕಾಗದ ನೋಡುವ ಮೇಜಿನಲ್ಲಿ. ಅವನ ಸಹಿ ಇರುವ ಸರ್ಟಿಫಿಕೇಟುಗಳು ವಾರಕ್ಕೆ ನಾಲ್ಕಾದರೂ ಆಕೆಯ ಕೈಗೆ ಬರುತ್ತಿದ್ದವು. ಅಣ್ಣನದೆಂದು ಆಕೆ ಯಾವತ್ತೂ ಸಲಿಗೆ ತೋರಿದವರಲ್ಲ. ಅದೇ ಮುಳುವಾಯಿತು. ನೂಲಿನ ವ್ಯಾಪಾರಿಯೊಬ್ಬನ ಕಾಗದಗಳು ಎಲ್‌ಸಿಯ ಕೊನೆಯ ದಿನ ಮಧ್ಯಾಹ್ನ ಬಂದವು. ಮೇಡಂ ಅಲ್ಲೇ ಫೋನು ಎತ್ತಿದರು. ನಾನು ಪಕ್ಕದಲ್ಲೇ ಇದ್ದೆ.

“ಅಣ್ಣ, ನಿನ್ನ ಸರ್ಟಿಫಿಕೇಟು ಒಂದು ದಿನ ತಡ ಆಗಿದೆ. ಸರಕು ಹಡಗು ಹತ್ತಿದ್ದು ಹನ್ನೆರಡಕ್ಕೆ. ನೀನು ಹಾಕಿರೋದು ಹದಿಮೂರು.”

ಆ ಕಡೆಯಿಂದ ಏನೋ ಕೇಳಿದ.

“ನೋಡೋದೇ ನನ್ನ ಕೆಲಸ. ನನಗೆ ಹೇಳಿಕೊಡಬೇಡ,” ಎಂದು ಇಟ್ಟುಬಿಟ್ಟರು.

ತಪ್ಪಿದೆ ಎಂದು ನಮ್ಮ ಬ್ಯಾಂಕೇ ಬರೆದು ಕಳಿಸಿದ ಮೇಲೆ ಆಚೆಯ ಬ್ಯಾಂಕಿಗೆ ಅಷ್ಟೇ ಸಾಕಾಯಿತು. ನೂಲಿನ ಬೆಲೆ ಆಗಲೇ ಇಳಿಯುತ್ತಿತ್ತು, ಕೊಳ್ಳುವವನು ಕೈ ಎತ್ತಿದ. ಸರಕು ಪರದೇಶದ ಬಂದರಿನಲ್ಲಿ ಕೊಳೆಯಿತು. ತಪ್ಪು ತಾರೀಕು ಹಾಕಿದವನೆಂದು ಅಣ್ಣನ ಮೇಲೆ ವಿಚಾರಣೆ ನಡೆಯಿತು. ಶಾಖೆಯ ಮುಖ್ಯಸ್ಥನಾಗಬೇಕಿದ್ದವನನ್ನು ಹಿಂದಿನ ಕೋಣೆಗೆ ಹಾಕಿ, ಖಾಲಿ ಸರ್ಟಿಫಿಕೇಟುಗಳ ಪ್ಯಾಡಿಗೆ ದಿನವಿಡೀ ಸಹಿ ಹಾಕುವ ಕೆಲಸ ಕೊಟ್ಟರು. ದೊಡ್ಡ ವ್ಯಾಪಾರಿಗಳಿಗೆ ಹಾಗೆ ಮೊದಲೇ ಸಹಿಯಾದ ಪ್ಯಾಡು ಕೊಡುವುದು ವಾಡಿಕೆ. ಹಡಗು, ತಾರೀಕು, ಮೊತ್ತ ಅವರೇ ಟೈಪು ಮಾಡಿಕೊಳ್ಳುತ್ತಾರೆ.

ಅಣ್ಣ ತಂಗಿ ಆಮೇಲೆ ಮಾತಾಡಲಿಲ್ಲ. ಎರಡು ವರ್ಷ ಕಳೆಯಿತು. ಒಂದು ದಿನ ಅಣ್ಣ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮೇಡಂ ಅವನ ಮನೆಗೆ ಹೋದರು. ಅತ್ತಿಗೆ ಬಾಗಿಲು ತೆಗೆದು, ಮುಖ ನೋಡಿ, ಒಳಗೆ ಹೋದರಂತೆ. ಮೇಡಂ ಕೋಣೆಯ ಮೂಲೆಯಲ್ಲಿ ಒಂದು ಗಂಟೆ ಕೂತು ಎದ್ದು ಬಂದರು. ಅರ್ಧ ದಿನದ ರಜೆ ಹಾಕಿದ್ದರು. ಉಳಿದರ್ಧ ದಿನ ಕೆಲಸ ಮಾಡಿದರು.

ಅದಾಗಿ ಮೂರು ವರ್ಷದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಮೇಡಂ ಕೈಯಲ್ಲಿದ್ದ ಕಾಗದ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಸ್ವಲ್ಪ ಇದನ್ನ ನೋಡಿ.”

ಅದೇ ನೂಲಿನ ವ್ಯಾಪಾರಿಯ ಸರ್ಟಿಫಿಕೇಟು. ಕೆಳಗೆ ಆಕೆಯ ಅಣ್ಣನ ಪೂರ್ತಿ ಸಹಿ.

“ಹಳೇ ಪ್ಯಾಡು ಇರಬೇಕು ಮೇಡಂ,” ಎಂದೆ. “ಬದುಕಿದ್ದಾಗ ಹಾಕಿಟ್ಟದ್ದು. ವ್ಯಾಪಾರ ಬಿದ್ದುಹೋಗಿತ್ತಲ್ಲ, ಈಗ ಮತ್ತೆ ಶುರು ಮಾಡಿದ್ದಾರೆ. ಉಳಿದ ಹಾಳೆ ಬಳಸ್ತಿದ್ದಾರೆ.”

“ಅದು ನನಗೂ ಗೊತ್ತು. ಇಲ್ಲಿ ನೋಡಿ.”

ಹಡಗಿನ ಹೆಸರನ್ನು ಎಕ್ಸ್ ಅಕ್ಷರಗಳಿಂದ ಹೊಡೆದುಹಾಕಿ, ಮೇಲೆ ಬೇರೆ ಹೆಸರು ಟೈಪಾಗಿತ್ತು. ಪಕ್ಕದಲ್ಲಿ ಗಾಳ, ಗಾಳದ ಕೆಳಗೆ ಚುಕ್ಕೆ.

ನನಗೆ ತಕ್ಷಣ ಹೊಳೆಯಲಿಲ್ಲ. ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಮೊದಲ ಹಡಗಿನಲ್ಲಿ ಜಾಗವಿಲ್ಲವೆಂದು ಹಡಗು ಕಂಪನಿ ಸರಕನ್ನು ಬೇರೆ ಹಡಗಿಗೆ ಹಾಕಿದ್ದು ಹೋದ ಗುರುವಾರ. ಕಾಗದ ತಿದ್ದಿದ್ದು ಶುಕ್ರವಾರ. ಶುಕ್ರವಾರದ ತಿದ್ದುಪಡಿಗೆ ಮೂರು ವರ್ಷದ ಹಿಂದೆ ತೀರಿಕೊಂಡವರು ಗೀಟುಸಹಿ ಹಾಕಿದ್ದಾರೆ.

“ಯಾರೋ ನಕಲು ಮಾಡಿದ್ದಾರೆ,” ಎಂದೆ.

ಆಕೆ ಅಕ್ಷರ ದೊಡ್ಡದಾಗಿ ತೋರಿಸುವ ತಮ್ಮ ಗಾಜನ್ನು ನನ್ನ ಕೈಗೆ ಕೊಟ್ಟರು. ಹಿಡಿದು ನೋಡಿದೆ. ಗಾಳದ ಬಾಲ ಉದ್ದವಾಗಿ ಎಳೆದು ಎಕ್ಸ್‌ಗಳವರೆಗೂ ಬಂದಿತ್ತು. ಟೈಪಿನ ಕಪ್ಪು ಆ ನೀಲಿ ಶಾಯಿಯ ಮೇಲೆ ಬಿದ್ದಿತ್ತು, ಕೆಳಗಲ್ಲ. ಅಂದರೆ ಸಹಿ ಮೊದಲು, ತಪ್ಪು ಆಮೇಲೆ.

ಫ್ಯಾನು ತಿರುಗುತ್ತಿತ್ತು. ಆಚೆ ಕೌಂಟರಿನಲ್ಲಿ ಯಾರೋ ಟೋಕನ್ ನಂಬರು ಕೂಗುತ್ತಿದ್ದರು. ನಾನು ಗಾಜನ್ನು ವಾಪಸು ಕೊಟ್ಟೆ.

ಕಾಗದದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ತಿದ್ದುಪಡಿ ಇತ್ತು, ಪಕ್ಕದಲ್ಲಿ ಅಧಿಕಾರಿಯ ಗುರುತಿತ್ತು. ಎಲ್‌ಸಿ ಕೇಳಿದ್ದು ಅಷ್ಟೇ. ಮೇಡಂ ಅದನ್ನು ಪಾಸು ಮಾಡಿದರು. ಸೀಲು ಸ್ವಲ್ಪ ಓರೆಯಾಗಿ ಬಿತ್ತು.

ಆಮೇಲಿನ ಎರಡು ತಿಂಗಳಲ್ಲಿ ಅದೇ ಪ್ಯಾಡಿನ ಇನ್ನೂ ಮೂರು ಹಾಳೆ ಬಂದವು. ಒಂದರಲ್ಲಿ ಕಂಟೇನರ್ ನಂಬರು ತಪ್ಪಿ ತಿದ್ದಿತ್ತು, ಪಕ್ಕದಲ್ಲಿ ಗಾಳ. ಇನ್ನೊಂದರಲ್ಲಿ ಇಳಿಸುವ ಬಂದರು ಬದಲಾಗಿತ್ತು, ಪಕ್ಕದಲ್ಲಿ ಗಾಳ. ಮೂರನೆಯದರಲ್ಲಿ ಒಂದು ತಪ್ಪೂ ಇರಲಿಲ್ಲ, ಗಾಳವೂ ಇರಲಿಲ್ಲ. ಮೇಡಂಗೆ ಅದೇ ಹೆಚ್ಚು ಹೆದರಿಕೆಯಾಯಿತು ಎಂದು ಆಮೇಲೆ ಹೇಳಿದರು.

ನಾವು ಬ್ಯಾಂಕಿನವರು ವ್ಯಾಪಾರಿಯ ಆಫೀಸಿಗೆ ಹೋಗಿ ವಿಚಾರಿಸುವ ಪದ್ಧತಿ ಇಲ್ಲ. ಆದರೂ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೇಡಂ ಹೊರಟರು. “ಜೊತೆಗೆ ಬರ್ತೀರಾ?” ಎಂದು ನನ್ನನ್ನು ಕೇಳಿದರು. ಹನ್ನೊಂದು ವರ್ಷದಲ್ಲಿ ಆಕೆ ನನ್ನಿಂದ ಕೇಳಿದ ಮೊದಲ ಸಹಾಯ ಅದು.

ಗೋದಾಮಿನ ಬೀದಿಯಲ್ಲಿ, ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಒಂದು ಕೋಣೆ. ಮೂಲೆಯಲ್ಲಿ ನೂಲಿನ ಮಾದರಿ ಉಂಡೆಗಳು, ಎಲ್ಲದರ ಮೇಲೂ ಧೂಳು. ಕಿಟಕಿಯ ಹತ್ತಿರ ಟೈಪ್‌ರೈಟರಿನ ಮುಂದೆ ಅರವತ್ತು ದಾಟಿದ ಗುಮಾಸ್ತರು. ನಾಲ್ಕು ಬೆರಳಲ್ಲಿ ಟೈಪು ಮಾಡುತ್ತಿದ್ದರು. ಮೇಡಂ ತಾವು ಯಾರ ತಂಗಿ ಎಂದು ಹೇಳಲಿಲ್ಲ. ಬ್ಯಾಂಕಿನವರು ಎಂದಷ್ಟೇ ಹೇಳಿ, ತಿದ್ದುಪಡಿಗಳ ಪಕ್ಕ ಸಹಿ ಯಾರದು ಎಂದು ಕೇಳಿದರು.

“ಅದು ಮೊದಲೇ ಇತ್ತಮ್ಮ,” ಎಂದರು ಗುಮಾಸ್ತರು. “ಪ್ಯಾಡು ಬಂದಾಗಲೇ ಹೆಚ್ಚುಕಮ್ಮಿ ಹಾಳೆಗೊಂದು ಕಡೆ ಇತ್ತು. ಯಾಕೆ ಅಂತ ನನಗೂ ಗೊತ್ತಾಗಲಿಲ್ಲ. ನಾನು ಎಷ್ಟು ಜೋಪಾನವಾಗಿ ಟೈಪು ಮಾಡಿದ್ರೂ ಆ ಗುರುತು ಎಲ್ಲಿದೆಯೋ ಅಲ್ಲೇ ಎಡವಟ್ಟಾಗುತ್ತೆ. ನನ್ನ ಕೈ ತಪ್ಪಿತು ಅಂತಲೇ ಇಟ್ಟುಕೊಳ್ಳಿ. ಹಡಗು ಬದಲಾಯಿಸಿದ್ದು ನಾನಾ? ಬಂದರು ಬದಲಾಯಿಸಿದ್ದು ನಾನಾ?”

“ಪ್ಯಾಡು ಯಾರು ತಂದುಕೊಟ್ರು?”

“ಅವರೇ. ಸಹಿ ಹಾಕೋ ಸಾಹೇಬರೇ ಬಂದಿದ್ರು. ನೀವು ಕೂತಿದ್ದೀರಲ್ಲ, ಆ ಕುರ್ಚಿ ಮೇಲೆ ಕೂತು ಹಾಳೆ ಒಂದೊಂದೇ ತೆಗೆದು ನೋಡಿದ್ರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಳ್ಳೋರು, ಆಮೇಲೆ ಗುರುತು ಹಾಕೋರು. ಒಂದು ಹಾಳೆಗೆ ಮಾತ್ರ ನಕ್ಕರು.”

ಮೇಡಂ ಕುರ್ಚಿಯ ಕೈಗಳ ಮೇಲಿಟ್ಟಿದ್ದ ತಮ್ಮ ಕೈಗಳನ್ನು ಮಡಿಲಿಗೆ ತೆಗೆದುಕೊಂಡರು.

“ಯಾವಾಗ ಬಂದಿದ್ರು?”

“ಎರಡು ವರ್ಷದ ಹಿಂದೆ ಇರಬೇಕು.”

ನಾನು ಮೇಡಂ ಮುಖ ನೋಡಿದೆ. ಅಣ್ಣ ತೀರಿಕೊಂಡು ಮೂರು ವರ್ಷ ದಾಟಿತ್ತು. ವಯಸ್ಸಾದವರು, ಲೆಕ್ಕ ಹಿಂದೆಮುಂದೆ ಆಗಿರುತ್ತದೆ ಎಂದುಕೊಂಡೆ. ಆಕೆಯೂ ಹಾಗೇ ಅಂದುಕೊಂಡಿರಬೇಕು. ಮತ್ತೆ ಕೇಳಲಿಲ್ಲ.

“ಅವರು ನಕ್ಕಿದ್ದು ಯಾವ ಹಾಳೆಗೆ?” ಎಂದರು.

ಗುಮಾಸ್ತರು ಡ್ರಾಯರು ಎಳೆದು ಪ್ಯಾಡು ತೆಗೆದರು. ಅದರಲ್ಲಿ ಉಳಿದಿದ್ದದ್ದು ಎರಡೇ ಹಾಳೆ. ಮೇಲಿನದನ್ನು ಕಿತ್ತು ಕೊಟ್ಟರು. ಮುಂದೆ ಪೂರ್ತಿ ಸಹಿ ಇತ್ತು, ಗುರುತು ಇರಲಿಲ್ಲ. ಮೇಡಂ ಗಾಜು ಹಿಡಿದು ಅಂಚಿನಿಂದ ಅಂಚಿಗೆ ನೋಡಿದರು.

“ಇದರಲ್ಲಿ ಏನೂ ಇಲ್ಲ.”

“ಹಿಂದೆ ನೋಡಿಯಮ್ಮ.”

ತಿರುಗಿಸಿದರು. ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಷರತ್ತುಗಳು. ಎಡಗಡೆ ಕೆಳಗೆ, ಖಾಲಿ ಜಾಗದಲ್ಲಿ, ಗಾಳ ಮತ್ತು ಚುಕ್ಕೆ. ಪಕ್ಕದಲ್ಲಿ ಏನೂ ಇಲ್ಲ. ಮೇಡಂ ಬಹಳ ಹೊತ್ತು ಆ ಖಾಲಿ ಜಾಗವನ್ನೇ ನೋಡಿದರು. ಆಮೇಲೆ ಹಾಳೆಯನ್ನು ಗುಮಾಸ್ತರಿಗೆ ಕೊಟ್ಟು ಎದ್ದರು. ಮೆಟ್ಟಿಲಿಳಿಯುವಾಗ ಒಂದು ಕೈ ಗೋಡೆ ಹಿಡಿದಿತ್ತು.

ಬ್ಯಾಂಕಿಗೆ ಬಂದವರು ಮೇಜಿಗೆ ಹೋಗಲಿಲ್ಲ. ನೇರ ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಹೋದರು. ನಾನೂ ಹಿಂದೆ ಹೋದೆ. ಐದು ವರ್ಷದ ಹಿಂದೆ ತಿರಸ್ಕಾರವಾಗಿ ವಾಪಸು ಬಂದ ಕಾಗದಗಳನ್ನು ನೂಲಿನ ವ್ಯಾಪಾರಿ ಬೇಸರದಲ್ಲಿ ಒಯ್ದಿರಲೇ ಇಲ್ಲ. ಕಟ್ಟು ಸಿಕ್ಕಿತು. ದಾರ ಬಿಚ್ಚಿ ಸರ್ಟಿಫಿಕೇಟು ತೆಗೆದರು. ಮುಂದೆ ತಾರೀಕು ಹದಿಮೂರು. ಪಕ್ಕದಲ್ಲಿ ಆಕೆಯೇ ಪೆನ್ಸಿಲಿನಲ್ಲಿ ಸುತ್ತಿದ ದುಂಡು ಇನ್ನೂ ಇತ್ತು.

ತಿರುಗಿಸಲು ಆಕೆಗೆ ಆಗಲಿಲ್ಲ. “ನೀವೇ ನೋಡಿ,” ಎಂದರು.

ತಿರುಗಿಸಿದೆ. ಎಡಗಡೆ ಕೆಳಗೆ, ಅದೇ ಜಾಗದಲ್ಲಿ, ಟೈಪು ಮಾಡಿದ ಒಂದು ಸಾಲು. ಸರಕು ಗೋದಾಮು ಬಿಟ್ಟ ಹತ್ತನೇ ತಾರೀಕಿನಿಂದಲೇ ಈ ವಿಮೆ ಜಾರಿಯಲ್ಲಿದೆ ಎಂದು. ಅದರ ಮುಂದೆ ಗಾಳ ಮತ್ತು ಚುಕ್ಕೆ.

ಹಾಗೊಂದು ಸಾಲು ಇದ್ದರೆ ಮುಂದಿನ ತಾರೀಕು ತಡವಾದರೂ ನಡೆಯುತ್ತದೆ. ನಿಯಮ ಹಾಗೆಯೇ ಇದೆ. ನಮ್ಮಲ್ಲಿ ಸೇರಿದ ಮೊದಲ ತಿಂಗಳೇ ಕಲಿಸುವ ಪಾಠ ಅದು. ಕಾಗದ ಸರಿಯಾಗಿತ್ತು. ಆ ದಿನ ಮೇಡಂ ಹಿಂದೆ ತಿರುಗಿಸಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ಮೇಲಿನವರೂ ನೋಡಿರಲಿಲ್ಲ. ಭೂತಗನ್ನಡಿ ನೋಡಿದ ಮೇಲೆ ಮತ್ತೆ ಯಾರು ನೋಡುತ್ತಾರೆ?

ಮೇಡಂ ಅಳಲಿಲ್ಲ. ಅಲ್ಲಿದ್ದ ಮುರುಕು ಸ್ಟೂಲಿನ ಮೇಲೆ ಕೂತರು. “ಫೋನಲ್ಲಿ ಅವನು ಅದನ್ನೇ ಕೇಳಿದ್ದ,” ಎಂದರು. “ಎರಡೂ ಕಡೆ ನೋಡಿದ್ಯಾ ಅಂತ.”

ಅವತ್ತು ಸಂಜೆ ಆಕೆ ಅತ್ತಿಗೆಯ ಮನೆಗೆ ಹೋದರು. ಅಲ್ಲಿ ನಡೆದದ್ದು ಆಕೆಯ ಬಾಯಲ್ಲೇ ಕೇಳಿದ್ದು. ಅತ್ತಿಗೆ ಈ ಸಲ ಬಾಗಿಲಲ್ಲೇ ನಿಂತರಂತೆ. ಮೇಡಂ ಕಾಗದದ ಪ್ರತಿಯನ್ನು ಕೈಗೆ ಕೊಟ್ಟು, “ತಪ್ಪು ನನ್ನದು ಅತ್ತಿಗೆ. ಅಣ್ಣನದಲ್ಲ,” ಎಂದರು.

ಅತ್ತಿಗೆ ಕಾಗದದ ಕಡೆ ನೋಡಲೇ ಇಲ್ಲ.

“ಗೊತ್ತು.”

“ನಿಮಗೆ ಗೊತ್ತಿತ್ತಾ?”

“ಅವರಿಗೆ ಆ ದಿನವೇ ಗೊತ್ತಿತ್ತು. ವಿಚಾರಣೆಯಲ್ಲಿ ಆ ಕಾಗದ ತರಿಸಿ ತಿರುಗಿಸಿ ತೋರಿಸಿ ಅಂತ ಕಾಲಿಗೆ ಬಿದ್ದಂತೆ ಕೇಳಿಕೊಂಡೆ. ತೋರಿಸಿದ್ರೆ ತಂಗಿ ಕೆಲಸ ಹೋಗುತ್ತೆ, ಅವಳಿಗೆ ಆ ಕೆಲಸ ಬಿಟ್ಟು ಬೇರೇನಿದೆ ಅಂದ್ರು.” ಅತ್ತಿಗೆ ಬಾಗಿಲಿನಿಂದ ಪಕ್ಕಕ್ಕೆ ಸರಿದು, “ನನಗೆ ಸಿಟ್ಟು ಬಂದಿದ್ದು ನಿನ್ನ ತಪ್ಪಿಗಲ್ಲ. ಅವರು ಬದುಕಿದ್ದಾಗ ನೀನು ಒಂದು ಸಲವೂ ಬರಲಿಲ್ಲವಲ್ಲ, ಅದಕ್ಕೆ. ಒಳಗೆ ಬಾ,” ಎಂದರು.

ಮೇಡಂ ಮಾರನೇ ದಿನವೇ ಮ್ಯಾನೇಜರಿಗೆ ಬರೆದುಕೊಟ್ಟರು. ಇಂಥ ದಿನ ಇಂಥ ಕಾಗದವನ್ನು ನಾನು ತಪ್ಪಾಗಿ ತಿರಸ್ಕರಿಸಿದೆ, ಹಿಂಬದಿ ನೋಡಿರಲಿಲ್ಲ ಎಂದು. ಮ್ಯಾನೇಜರಿಗೆ ಇಕ್ಕಟ್ಟಾಯಿತು.

“ಐದು ವರ್ಷ ಆಯ್ತು ಮೇಡಂ. ಯಾರೂ ಕೇಳಿಲ್ಲ. ಮುಚ್ಚಿದ ಫೈಲು ಯಾಕೆ ತೆಗೀತೀರಿ?”

“ಇದರ ಒಂದು ಪ್ರತಿ ವಿಮಾ ಕಂಪನಿಗೆ ಹೋಗಬೇಕು ಸಾರ್. ನೂಲಿನವರಿಗೂ ಒಂದು. ನೀವು ಕಳಿಸದಿದ್ರೆ ನಾನೇ ಹೋಗಿ ಕೊಡ್ತೀನಿ.”

ಕಳಿಸಿದರು. ಆಕೆಗೆ ಎಚ್ಚರಿಕೆಯ ಪತ್ರ ಬಂತು, ಬಡ್ತಿ ನಿಂತಿತು, ಒಂದು ವರ್ಷ ಆಕೆ ನೋಡಿದ್ದನ್ನು ಇನ್ನೊಬ್ಬರು ನೋಡಬೇಕೆಂದಾಯಿತು. ಆ ಇನ್ನೊಬ್ಬ ನಾನೇ. ನೂಲಿನ ವ್ಯಾಪಾರಿ ಬ್ಯಾಂಕಿನ ಮೇಲೆ ದಾವೆ ಹಾಕುತ್ತಾನೆಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಅವನು ಮಾತುಕತೆಗೆ ಒಪ್ಪಿದ. ವಿಮಾ ಕಂಪನಿಯವರು ಅಣ್ಣನ ಸೇವಾ ಪುಸ್ತಕದಿಂದ ಆ ಶಿಕ್ಷೆಯನ್ನು ತೆಗೆದುಹಾಕಿ ಅತ್ತಿಗೆಗೆ ಪತ್ರ ಬರೆದರು. ಸತ್ತವರಿಗೆ ಅದರಿಂದ ಏನು ಬಂತು ಎನ್ನಬಹುದು. ಅತ್ತಿಗೆ ಆ ಪತ್ರವನ್ನು ಎರಡೂ ಕಡೆ ಓದಿದರಂತೆ.

ಇದೆಲ್ಲದರ ನಡುವೆ, ತೀರಿಕೊಂಡವರ ಸಹಿಯ ಪ್ಯಾಡು ಇನ್ನೂ ಓಡಾಡುತ್ತಿದೆ ಎಂಬುದು ವಿಮಾ ಕಂಪನಿಗೆ ತಿಳಿಯಿತು. ಕಿತ್ತ ಹಾಳೆಯನ್ನು ಗುಮಾಸ್ತರು ಆಗಲೇ ಹರಿದು ಎಸೆದಿದ್ದರು; ಉಳಿದ ಕೊನೆಯ ಹಾಳೆಯನ್ನು ಕಾರಣ ಹೇಳದೆ ವಾಪಸು ಕೇಳಿದರು. ಗುಮಾಸ್ತರು ಅದನ್ನು ಬ್ಯಾಂಕಿಗೆ ತಂದರು, ವಿಮಾ ಕಂಪನಿಯ ಹೊಸ ಅಧಿಕಾರಿ ಅಲ್ಲಿಗೇ ಬಂದರು. ಮೂವತ್ತು ಮೂವತ್ತೈದರ ಚುರುಕಾದ ಹೆಂಗಸು. ಮೇಡಂ ಮೇಜಿನ ಮೇಲೇ ಹಾಳೆ ಹರಡಿದರು.

ಈ ಹಾಳೆಯಲ್ಲಿ ಗಾಳ ನಟ್ಟನಡುವೆ ಇತ್ತು. ಅಲ್ಲಿ ಯಾವ ಕಲಮೂ ಇಲ್ಲ, ಯಾವ ಅಕ್ಷರವೂ ಬೀಳುವುದಿಲ್ಲ. ಅಧಿಕಾರಿ ಸ್ಕೇಲು ಇಟ್ಟು ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು, ಇನ್ನೆರಡು ಮೂಲೆಗೆ ಇನ್ನೊಂದು. ಎರಡು ಗೆರೆಗಳೂ ಗಾಳದ ಕೆಳಗಿನ ಚುಕ್ಕೆಯ ಮೇಲೇ ಒಂದನ್ನೊಂದು ದಾಟಿದವು. ಅಧಿಕಾರಿ ‘ರದ್ದು’ ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಲು ಹೋದವರು ಪೆನ್ನು ಎತ್ತಿಹಿಡಿದರು.

“ಇದಕ್ಕೆ ಆಗಲೇ ಸಹಿ ಇದೆಯಲ್ಲ,” ಎಂದರು.

ಆಕೆ ಕೊನೆಗೆ ತಮ್ಮ ಸಹಿಯನ್ನೂ ಹಾಕಿದರು.

ನಮ್ಮ ಫೈಲಿಗೆಂದು ಅದರ ಜೆರಾಕ್ಸ್ ತೆಗೆಯಲು ನಾನು ಒಯ್ದೆ. ಯಂತ್ರದ ಗಾಜಿನ ಮೇಲೆ ಹಾಳೆಯನ್ನು ಸರಿಪಡಿಸುವಾಗ ಕೆಳಗಿನ ಅಂಚು ಕಣ್ಣಿಗೆ ಬಿತ್ತು. ಅಚ್ಚಾದ ಎಲ್ಲ ಫಾರಂಗಳ ಅಂಚಿನಲ್ಲೂ ಅಂಥದ್ದೊಂದು ಸಾಲು ಇರುತ್ತದೆ: ಫಾರಂ ನಂಬರು, ಎಷ್ಟು ಪ್ರತಿ, ಅಚ್ಚಾದ ತಿಂಗಳು ಮತ್ತು ವರ್ಷ. ನಾನು ಎರಡು ಸಲ ಓದಿದೆ. ಬೆರಳು ಮಡಿಚಿ ಎಣಿಸಿದೆ. ಆ ಹಾಳೆ ಅಚ್ಚಾದದ್ದು ಅಣ್ಣ ತೀರಿಕೊಂಡ ಹದಿನಾಲ್ಕು ತಿಂಗಳ ಮೇಲೆ.

ವಾಪಸು ಬಂದು ಹಾಳೆಯನ್ನು ಮೇಡಂ ಮುಂದಿಟ್ಟು ಆ ಸಾಲಿನ ಕೆಳಗೆ ಬೆರಳಿಟ್ಟೆ. ಆಕೆ ನನ್ನನ್ನು ನೋಡಿ, ಮೆಲ್ಲಗೆ ನನ್ನ ಬೆರಳು ಸರಿಸಿದರು. ಮೊದಲೇ ನೋಡಿದ್ದರು. ಯಾವತ್ತು ನೋಡಿದ್ದರೋ ನಾನು ಕೇಳಲಿಲ್ಲ.

“ಅಂಚಿನ ಸಾಲು ನೋಡಬೇಕು ಅಂತ ಎಲ್‌ಸಿ ಕೇಳಿಲ್ಲ,” ಎಂದರು.

ಅಧಿಕಾರಿ ರದ್ದಾದ ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋದರು. ಗುಮಾಸ್ತರು ಮಾತ್ರ ಇನ್ನೂ ನಿಂತಿದ್ದರು. ಇನ್ನು ಮುಂದೆ ಸರ್ಟಿಫಿಕೇಟೆಲ್ಲ ಕಂಪ್ಯೂಟರಿನಲ್ಲೇ ಬರುತ್ತದೆ, ನೀವು ಟೈಪು ಮಾಡಬೇಕಾಗಿಲ್ಲ ಎಂದು ಮೇಡಂ ಅವರಿಗೆ ತಿಳಿಸಿದರು.

“ಹಾಗಾದ್ರೆ ಸಾಹೇಬರು ಇನ್ನು ಬರೋದಿಲ್ವಾ?” ಎಂದು ಗುಮಾಸ್ತರು ಕೇಳಿದರು. “ಒಳ್ಳೆ ಮನುಷ್ಯ. ಬ್ಯಾಂಕಿನಲ್ಲಿ ನನ್ನ ತಂಗಿ ಇದ್ದಾಳೆ, ಅವಳು ಮೊದಲಿನ ಹಾಗೇ ಚುರುಕಾಗಿದ್ದಾಳಾ ಅಂತ ವಿಚಾರಿಸಿದ್ರು. ನನಗೆ ಯಾರು ಅಂತ ಗೊತ್ತಿರಲಿಲ್ಲ. ಇದ್ದಾರೆ ಅಂತ ಸುಮ್ಮನೆ ಅಂದೆ.”

ಮೇಡಂ ಕುಂಡದಿಂದ ಒಂದು ಗುಂಡುಪಿನ್ನು ತೆಗೆದು ಜೆರಾಕ್ಸ್ ಪ್ರತಿಗೆ ಚುಚ್ಚಿದರು.

“ಅವರಿಗೆ ಬೇರೆ ಕಡೆ ಕೆಲಸ ಆಯ್ತು,” ಎಂದರು. “ಕೂತ್ಕೊಳ್ಳಿ. ಚಹಾ ತರಿಸ್ತೀನಿ.”